ಪಟಿಯಾಲದ ಕೋಟೆ, ಸಟ್ಲೆಜಿನ ಗೆರೆ

ದಿಲ್ಲಿಯಿಂದ ಅಮೃತಸರದ ಸ್ವರ್ಣಮಂದಿರವನ್ನು ನೋಡಲು ಹೊರಡುವ ದಕ್ಷಿಣದ ಯಾತ್ರಿಕರು ರಾಜಪುರಾ ಜಂಕ್ಷನ್ನಿನ ಹೆಸರನ್ನು ನೆನಪಿಟ್ಟುಕೊಳ್ಳುವುದು ಅಪರೂಪ. ಅಂಬಾಲಾ ಕಳೆದ ಸ್ವಲ್ಪ ಹೊತ್ತಿಗೇ ಬಂದು ಹೋಗುವ ನಿಲ್ದಾಣ ಅದು. ಅಲ್ಲಿಂದ ಪಡುವಣಕ್ಕೆ ಒಂದು ರೈಲುಹಾದಿ ಕವಲೊಡೆಯುತ್ತದೆ. ಗೋಧಿಯ ಹೊಲಗಳ ನಡುವೆ ಸಾಗುವ ಆ ಹಾದಿ ಪಟಿಯಾಲ, ನಾಭಾ, ಧೂರಿ, ಬರ್ನಾಲಾ, ರಾಮ್‌ಪುರಾ ಫೂಲ್ ಎಂಬ ಊರುಗಳನ್ನು ಹಾದು ಭಟಿಂಡಾ ಸೇರುತ್ತದೆ. ಭಟಿಂಡಾದಿಂದ ಮುಂದುವರಿದರೆ ಜೈತೋ, ಫರೀದ್‌ಕೋಟ್. ಕೊನೆಗೆ ಫಿರೋಜಪುರ, ಸಟ್ಲೆಜ್ ನದಿ. ನೋಡುವುದಕ್ಕೆ ಬೆಟ್ಟವಿಲ್ಲ, ಕಾಡಿಲ್ಲ. ಕಣ್ಣು ಹಾಯುವಷ್ಟು ದೂರವೂ ಸಮತಟ್ಟಾದ ನೆಲ. ಆದರೂ ರಾಜಪುರಾದಲ್ಲಿ ಗಾಡಿ ಬದಲಾಯಿಸುವ ತಾಳ್ಮೆಯುಳ್ಳವನಿಗೆ ಸಿಖ್ಖ ಸಂಸ್ಥಾನಗಳ ಚರಿತ್ರೆಯೆಲ್ಲ ನಿಲ್ದಾಣ ನಿಲ್ದಾಣಕ್ಕೂ ಇಷ್ಟಿಷ್ಟಾಗಿ ಸಿಗುತ್ತದೆ. ಇಸವಿಗಳ ಅನುಕ್ರಮದಲ್ಲಿ ಸಿಗುವುದಿಲ್ಲ ಎಂಬುದಷ್ಟೇ ತೊಡಕು.

ಸಿಖ್ಖರ ರಾಜ್ಯವೆಂದೊಡನೆ ಓದುಗರ ಮನಸ್ಸಿಗೆ ಬರುವುದು ಲಾಹೋರಿನ ಮಹಾರಾಜಾ ರಣಜಿತ್ ಸಿಂಗ್. ಒಂದೇ ಕಣ್ಣಿನಿಂದ ಪಂಜಾಬವನ್ನೆಲ್ಲ ಕಂಡು ಆಳಿದ ವೀರ. ಆತನ ರಾಜ್ಯ ಆತ ಸತ್ತ ಹತ್ತೇ ವರ್ಷಗಳಲ್ಲಿ ಮುಳುಗಿಹೋಯಿತು. ಆದರೆ ಸಟ್ಲೆಜಿನ ಈಚೆ ದಡದಲ್ಲಿ, ಅಂದರೆ ದಿಲ್ಲಿಯ ಕಡೆಗೆ, ಬೇರೆ ಸಿಖ್ಖ ಅರಸರಿದ್ದರು. ಅವರ ಗದ್ದುಗೆಗಳು 1948ರವರೆಗೂ ಉಳಿದವು. ಉಳಿದದ್ದು ತಮ್ಮ ಮತದವನೇ ಆದ ರಣಜಿತನ ಕೈ ಹಿಡಿದಲ್ಲ. ಆತನಿಗೆ ಎದುರಾಗಿ ಆಂಗ್ಲರ ಮೊರೆಹೊಕ್ಕು. ಪಂಜಾಬದಲ್ಲಿ ಈ ಮಾತನ್ನು ಇಂದಿಗೂ ಕೆಲವರು ದ್ರೋಹವೆನ್ನುತ್ತಾರೆ, ಕೆಲವರು ಜಾಣತನವೆನ್ನುತ್ತಾರೆ. ಎರಡರಲ್ಲಿ ಯಾವುದೆಂದು ತೀರ್ಮಾನಿಸುವ ಮುನ್ನ ಪಟಿಯಾಲದ ಕೋಟೆಯನ್ನೊಮ್ಮೆ ನೋಡುವುದು ಒಳ್ಳೆಯದು.

ಕಿಲಾ ಮುಬಾರಕ್ ಎಂದು ಅದರ ಹೆಸರು. ಕೋಟೆಯೆಂದರೆ ಚಿತ್ರದುರ್ಗದಂತೆ ಬಂಡೆಯ ಮೇಲೆ ನಿಂತದ್ದಲ್ಲ. ಪೇಟೆಯ ನಟ್ಟನಡುವೆ, ಅಂಗಡಿಗಳು ಸುತ್ತುವರಿದಿರುವಲ್ಲಿ, ಸಣ್ಣ ಇಟ್ಟಿಗೆಯ ಎತ್ತರದ ಗೋಡೆಗಳು ಹಠಾತ್ತನೆ ಎದ್ದುಬಿಡುತ್ತವೆ. ಗೋಡೆಯ ಹೊರಗೆ ಗದ್ದಲ. ಫುಲ್ಕಾರಿ ಕಸೂತಿಯ ಓಢಣಿ, ಜರತಾರಿಯ ಜೋಡು, ಜಡೆಗೆ ಹೆಣೆದುಕೊಳ್ಳುವ ಪರಾಂದಾ, ಬಣ್ಣಬಣ್ಣದ ಲಾಡಿ ಇವುಗಳ ವ್ಯಾಪಾರ. ನೆರಿಗೆ ನೆರಿಗೆಯಾದ ಪಟಿಯಾಲಾ ಸಲ್ವಾರಿನ ಹೆಸರನ್ನು ಬೆಂಗಳೂರಿನ ಕಾಲೇಜು ಹುಡುಗಿಯರೂ ಬಲ್ಲರು. ಅದರ ತವರು ಈ ಬೀದಿಗಳೇ. ಬಾಗಿಲು ದಾಟಿ ಒಳಗೆ ಹೋದರೆ ಸದ್ದು ಅಡಗುತ್ತದೆ. ಮೊದಲು ವಿಶಾಲವಾದ ಅಂಗಳ, ಪಕ್ಕದಲ್ಲಿ ದರ್ಬಾರು ಹಜಾರ; ಅದರಾಚೆ ಒಳಕೋಟೆ, ಕಿಲಾ ಅಂದರೂನ್. ಅಲ್ಲಿನ ಕೋಣೆಗಳ ಗೋಡೆಗಳಲ್ಲಿ ಕೃಷ್ಣಲೀಲೆಯ ಚಿತ್ರಗಳಿವೆ. ಸಿಖ್ಖ ಅರಸರ ಅರಮನೆಯಲ್ಲಿ ಪುರಾಣದ ಚಿತ್ರಗಳೇ ಎಂದು ಬೆರಗಾಗುವ ಪ್ರವಾಸಿಗ, ಇನ್ನೂ ಒಳಗಿರುವ ಬಾಬಾ ಆಲಾ ಸಿಂಗನ ಬುರುಜಿನ ಬಳಿ ಮತ್ತೂ ಬೆರಗಾಗುತ್ತಾನೆ. ಅಲ್ಲಿ ಆಲಾ ಸಿಂಗನ ಕಾಲದಿಂದಲೂ ಆರಗೊಡದೆ ಕಾಯ್ದುಕೊಂಡು ಬಂದಿರುವ ಅಗ್ನಿಯೊಂದುಂಟು. ಜ್ವಾಲಾಮುಖಿಯ ದೇವಿಯ ಸನ್ನಿಧಿಯಿಂದ ತಂದ ದೀಪವೂ ಅದರ ಜೊತೆಗೆ ಉರಿಯುತ್ತಿದೆ ಎಂಬುದು ಅಲ್ಲಿನವರ ನಂಬಿಕೆ.

ಈ ಆಲಾ ಸಿಂಗನೇ ಪಟಿಯಾಲದ ಮೂಲಪುರುಷ. ಊರಿನ ಹೆಸರಿನಲ್ಲೇ ಆತನಿದ್ದಾನೆ. ಆಲಾನ ಪಾಲಿಗೆ ಬಂದ ‘ಪಟ್ಟಿ’ಯೇ ಪಟಿಯಾಲವಾಯಿತಂತೆ. 1763ರಲ್ಲಿ ಕೋಟೆಗೆ ಅಡಿಗಲ್ಲಿಟ್ಟಾಗ ಆತನಿಗೆ ಎಪ್ಪತ್ತು ದಾಟಿತ್ತು. ಕಾಲವಾದರೂ ಎಂಥದು! ದಿಲ್ಲಿಯ ಬಾದಶಹನ ಕೈ ಬತ್ತಿಹೋಗಿತ್ತು. ವಾಯವ್ಯದಿಂದ ಅಹಮದ್ ಶಾ ಅಬ್ದಾಲಿ ಹಿಂಗಾರು ಮಳೆಯಂತೆ ಕಟ್ಟುನಿಟ್ಟಾಗಿ ದಂಡೆತ್ತಿ ಬರುತ್ತಿದ್ದ. 1761ರ ಪಾಣಿಪತದಲ್ಲಿ ಮರಾಠರನ್ನು ಮುರಿದಿದ್ದ. ಅದರ ಮರುವರ್ಷ, 1762ರ ಫೆಬ್ರವರಿಯಲ್ಲಿ, ಮಲೇರ್‌ಕೋಟ್ಲಾದ ಹತ್ತಿರ ಸಾವಿರಾರು ಸಿಖ್ಖರನ್ನು, ಹೆಂಗಸರು ಮಕ್ಕಳೆನ್ನದೆ, ಒಂದೇ ದಿನದಲ್ಲಿ ಕೊಂದ. ಸಿಖ್ಖರು ಅದನ್ನು ‘ದೊಡ್ಡ ಹತ್ಯಾಕಾಂಡ’ವೆಂದೇ ನೆನೆಯುತ್ತಾರೆ. ಆ ಸಂದರ್ಭದಲ್ಲಿ ಆಲಾ ಸಿಂಗ್ ಸೆರೆಸಿಕ್ಕ. ತಲೆಗೂದಲನ್ನು ಬೋಳಿಸಿರೆಂದು ಶಹ ಅಪ್ಪಣೆ ಮಾಡಿದನಂತೆ. ಸಿಖ್ಖನಿಗೆ ಅದು ಶಿರಚ್ಛೇದಕ್ಕಿಂತ ಕಡಿಮೆಯದಲ್ಲ. ಮುದುಕ ಒಂದೂಕಾಲು ಲಕ್ಷ ರೂಪಾಯಿ ಕಾಣಿಕೆ ಕೊಟ್ಟು ಕೂದಲನ್ನು ಉಳಿಸಿಕೊಂಡನೆಂದು ಪ್ರತೀತಿ.

ಎರಡು ವರ್ಷಗಳು ಕಳೆದವು. 1764ರ ಆರಂಭದಲ್ಲಿ ಸಿಖ್ಖ ದಳಗಳು ಸರ್‌ಹಿಂದದ ಅಫ್ಘನ್ ಅಧಿಕಾರಿಯನ್ನು ಕೊಂದು ಆ ನಾಡನ್ನು ಹಂಚಿಕೊಂಡಾಗ ಆಲಾ ಸಿಂಗನೂ ಪಾಲು ಪಡೆದ. ಮರುವರ್ಷ ಅಬ್ದಾಲಿ ಮತ್ತೆ ಬಂದ. ಈ ಸಲ ಅದೇ ಶಹನಿಂದ ಆಲಾ ಸಿಂಗನಿಗೆ ಖಿಲ್ಲತ್ತು, ನಗಾರಿ, ನಿಶಾನೆ, ರಾಜನೆಂಬ ಬಿರುದು! ಖಾಲ್ಸಾ ದಳದವರು ಕೆರಳಿದರು. ಜಸ್ಸಾ ಸಿಂಗ್ ಆಹ್ಲುವಾಲಿಯಾ, ಮುಂದೆ ಕಪೂರ್ತಲಾ ಸಂಸ್ಥಾನಕ್ಕೆ ಕಾರಣನಾದ ಹಿರಿಯ, ನಡುವೆ ಬಂದು ಸಮಾಧಾನ ಮಾಡಿಸಿದ. ಹೊಡೆಯುವವನ ಕೈಗೆ ಸಿಕ್ಕದಿರುವುದು, ಸಿಕ್ಕರೆ ತೆತ್ತು ಬಿಡಿಸಿಕೊಳ್ಳುವುದು, ಆತ ಬೆನ್ನು ತಿರುಗಿಸಿದೊಡನೆ ಗಡಿಯನ್ನು ಇಷ್ಟು ಮುಂದಕ್ಕೆ ಸರಿಸುವುದು: ಪಟಿಯಾಲದ ರಾಜನೀತಿಯೆಲ್ಲ ಈ ಮುದುಕನ ಬಾಳಿನಲ್ಲೇ ಇದೆ. 1765ರಲ್ಲಿ ಆತ ತೀರಿಕೊಂಡ.

ಆತನ ಮರಿಮಗ ಸಾಹಿಬ್ ಸಿಂಗನ ಕಾಲಕ್ಕೆ ಆ ಜಾಣ್ಮೆ ಮನೆಯ ಗಂಡಸರಲ್ಲಿ ಉಳಿದಿರಲಿಲ್ಲ; ಹೆಂಗಸರಲ್ಲಿತ್ತು. 1794ರಲ್ಲಿ ಮರಾಠರು ಪಟಿಯಾಲದ ಮೇಲೆ ಏರಿ ಬಂದಾಗ ಸಾಹಿಬ್ ಸಿಂಗನ ಅಕ್ಕ ಬೀಬಿ ಸಾಹಿಬ್ ಕೌರ್ ಗಂಡನ ಮನೆಯಿಂದ ಬಂದು ದಿವಾನಗಿರಿಯನ್ನು ಕೈಗೆ ತೆಗೆದುಕೊಂಡು, ಮರ್ದನ್‌ಪುರದ ಬಳಿ ತಾನೇ ಕತ್ತಿ ಹಿರಿದು ನಿಂತು ಕಾದಾಡಿ ಅವರನ್ನು ಹಿಮ್ಮೆಟ್ಟಿಸಿದಳು. ಇದಕ್ಕೆ ತಮ್ಮ ಕೊಟ್ಟ ಬಹುಮಾನವೆಂದರೆ, ಕೆಲವು ವರ್ಷಗಳ ಮೇಲೆ ಹಿತ್ತಾಳೆ ಕಿವಿಯ ಮಾತು ಕೇಳಿ ಅಕ್ಕನನ್ನೇ ಸೆರೆಯಲ್ಲಿಟ್ಟದ್ದು. ಇಂಥ ಅರಸನಿಗೆ ಎದುರಾಗಿ ಸಟ್ಲೆಜಿನ ಆಚೆ ರಣಜಿತ್ ಸಿಂಗನೆಂಬ ಇಪ್ಪತ್ತರ ತರುಣ ಮೇಲೇಳುತ್ತಿದ್ದ.

ಆತನನ್ನು ಈಚೆ ದಡಕ್ಕೆ ಕರೆತಂದ ಕಾರಣ ಎಷ್ಟು ಸಣ್ಣದೆಂದರೆ ನಂಬುವುದು ಕಷ್ಟ. ದೋಲಾಧಿ ಎಂಬ ಒಂದು ಹಳ್ಳಿ ಯಾರದೆಂದು ಪಟಿಯಾಲಕ್ಕೂ ನಾಭಾಕ್ಕೂ ಜಗಳ. ದಾಯಾದಿಗಳು ಹಳ್ಳಿಗಾಗಿ ಹೊಡೆದಾಡಿ, ಪಂಚಾಯಿತಿಗೆ ರಣಜಿತನನ್ನು ಕರೆದರು. 1806ರಲ್ಲಿ ಆತ ನದಿ ದಾಟಿದ. ಜೊತೆಗೆ ಸೈನ್ಯವೂ ದಾಟಿತು. ಮರುವರ್ಷ ಪಟಿಯಾಲದಲ್ಲಿ ರಾಜನಿಗೂ ರಾಣಿಗೂ ಮನಸ್ತಾಪವಾಗಿ, ಅದನ್ನು ಬಗೆಹರಿಸಲು ಮತ್ತೆ ಆತನಿಗೇ ಕರೆ ಹೋಯಿತು. ಗಂಡಹೆಂಡಿರ ರಾಜಿ ಮಾಡಿಸಿದ್ದಕ್ಕೆ ಆತ ವಜ್ರದ ಹಾರವನ್ನೂ ಹೆಸರಾಂತ ಹಿತ್ತಾಳೆಯ ತೋಪನ್ನೂ ಪಡೆದುಕೊಂಡು ಹೋದ. ದಾರಿಯಲ್ಲಿ ಸಿಕ್ಕ ಸಣ್ಣಪುಟ್ಟ ಪಾಳೆಯಗಳನ್ನು ನುಂಗಿದ.

ಆಗ ಈಚೆ ದಡದ ಅರಸರು ಪಟಿಯಾಲದ ಸಮೀಪದ ಸಮಾನಾದಲ್ಲಿ ಸೇರಿ ಆಲೋಚನೆ ನಡೆಸಿದರೆಂದು ಹೇಳುತ್ತಾರೆ. ಇಷ್ಟರಲ್ಲಿ ದಿಲ್ಲಿ ಆಂಗ್ಲರದಾಗಿತ್ತು. 1803ರಲ್ಲಿ ಸೇನಾಪತಿ ಲೇಕನು ಮರಾಠರಿಂದ ಅದನ್ನು ಕಿತ್ತುಕೊಂಡಿದ್ದ. ರಣಜಿತನೋ, ಆಂಗ್ಲರೋ? ಸಭೆಯಲ್ಲಿ ಬಂದ ಮಾತು ಪಂಜಾಬದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ರಣಜಿತನ ಸಹವಾಸ ಸನ್ನಿಯಂತೆ, ಗಳಿಗೆಯಲ್ಲಿ ಪ್ರಾಣ ತೆಗೆಯುತ್ತದೆ. ಆಂಗ್ಲರದು ಕ್ಷಯದಂತೆ, ಕೊಲ್ಲುವುದೇನೋ ಖಂಡಿತ, ಆದರೆ ನಿಧಾನವಾಗಿ. ಹೇಗೂ ಸಾಯುವುದಾದರೆ ಕ್ಷಯವೇ ಇರಲಿ ಎಂಬುದು ಅವರ ನಿರ್ಣಯ. ತಮ್ಮ ರೋಗವನ್ನು ಇಷ್ಟು ಸ್ಪಷ್ಟವಾಗಿ ತಿಳಿದುಕೊಂಡು ಆರಿಸಿಕೊಂಡ ಅರಸರು ಭಾರತದ ಚರಿತ್ರೆಯಲ್ಲಿ ಬೇರೆ ಇರಲಾರರು.

1808ರ ಮಾರ್ಚಿಯಲ್ಲಿ ಅವರ ನಿಯೋಗ ದಿಲ್ಲಿಯಲ್ಲಿ ಆಂಗ್ಲ ರೆಸಿಡೆಂಟನನ್ನು ಕಂಡಿತು. ಪಟಿಯಾಲ, ನಾಭಾಗಳ ಪ್ರತಿನಿಧಿಗಳೂ ಕೈಥಲದ ಭಾಯಿ ಲಾಲ್ ಸಿಂಗನೂ ಬಂದಿದ್ದರು. ಎಲ್ಲರಿಗಿಂತ ಮುಖ್ಯನಾಗಿದ್ದವನು ಜೀಂದ್‌ನ ರಾಜಾ ಭಾಗ್ ಸಿಂಗ್. ಈತನಾರು? ರಣಜಿತ್ ಸಿಂಗನ ಸ್ವಂತ ಸೋದರಮಾವ! ಎರಡು ವರ್ಷಗಳ ಹಿಂದೆ ಸೋದರಳಿಯನೇ ಲೂಧಿಯಾನವನ್ನು ಗೆದ್ದು ಈತನಿಗೆ ಕೊಟ್ಟಿದ್ದ. ಕೊಟ್ಟವನು ಕಿತ್ತುಕೊಳ್ಳಬಲ್ಲ ಎಂಬುದು ಮಾವನಿಗೆ ತಿಳಿಯದ್ದಲ್ಲ.

ರೆಸಿಡೆಂಟ್ ಸೀಟನ್ ಒಳ್ಳೆಯ ಮಾತನಾಡಿ ಕಳುಹಿಸಿದ. ಕಾಗದದಲ್ಲಿ ಏನನ್ನೂ ಕೊಡಲಿಲ್ಲ. ನೆಪೋಲಿಯನ್ ಭಾರತದ ಮೇಲೆ ಬಂದಾನೆಂಬ ಭಯ ಆಂಗ್ಲರನ್ನು ಕಾಡುತ್ತಿದ್ದ ದಿನಗಳವು. ರಣಜಿತನ ಸ್ನೇಹ ಅವರಿಗೆ ಬೇಕಾಗಿತ್ತು. ಮೆಟ್ಕಾಫ್ ಎಂಬ ಇಪ್ಪತ್ತಮೂರರ ತರುಣನನ್ನು ದೂತನನ್ನಾಗಿ ಕಳುಹಿಸಿದರು. ರಣಜಿತ್ ದೂತನನ್ನು ಮಾತಿನಲ್ಲಿ ನಿಲ್ಲಿಸಿ, ತಾನು ಮೂರನೆಯ ಸಲ ಸಟ್ಲೆಜ್ ದಾಟಿ ಫರೀದ್‌ಕೋಟನ್ನೂ ಅಂಬಾಲಾವನ್ನೂ ಹಿಡಿದು, ಪಟಿಯಾಲದ ಸಾಹಿಬ್ ಸಿಂಗನೊಡನೆ ಪೇಟ ಬದಲಾಯಿಸಿಕೊಂಡು ಅಣ್ಣತಮ್ಮಂದಿರಾದೆವೆಂದು ಘೋಷಿಸಿದ. ಅಷ್ಟರಲ್ಲಿ ನೆಪೋಲಿಯನ್ ಸ್ಪೇನಿನ ಯುದ್ಧದಲ್ಲಿ ಸಿಕ್ಕಿಕೊಂಡ ಸುದ್ದಿ ಬಂತು. ಆಂಗ್ಲರ ಭಯ ತಗ್ಗಿತು, ದನಿ ಏರಿತು. ಆಕ್ಟರ್‌ಲೋನಿಯ ಸೈನ್ಯ ಲೂಧಿಯಾನಕ್ಕೆ ಬಂದು ನಿಂತಿತು. ಕಡೆಗೆ 1809ರ ಏಪ್ರಿಲ್ 25ರಂದು ಅಮೃತಸರದ ಒಪ್ಪಂದವಾಯಿತು: ಸಟ್ಲೆಜಿನ ಆಚೆ ರಣಜಿತನದು, ಈಚೆಯ ಅರಸರ ತಂಟೆಗೆ ಆತ ಬರಕೂಡದು. ಮೇ ತಿಂಗಳಿನಲ್ಲಿ ಕಂಪನಿ ಸರಕಾರ ಈಚೆಯವರಿಗೆ ಅಭಯಪತ್ರ ಹೊರಡಿಸಿತು. ಕಪ್ಪ ಬೇಡ, ಅವರವರ ನಾಡಿನಲ್ಲಿ ಅವರವರ ಅಧಿಕಾರ ಅವರದೇ; ಯುದ್ಧ ಬಂದಾಗ ಮಾತ್ರ ಸೈನ್ಯದೊಡನೆ ಬಂದು ನೆರವಾಗಬೇಕು.

ಕಪ್ಪ ಬೇಡ ಎಂಬುದನ್ನು ಕನ್ನಡಿಗರು ಗಮನಿಸಬೇಕು. ಇದಕ್ಕೆ ಹತ್ತು ವರ್ಷ ಮೊದಲು, 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನ ಬಾಲಕ ಅರಸನಿಗೆ ರಾಜ್ಯ ಹಿಂದಿರುಗಿದಾಗ ವರ್ಷಕ್ಕೆ ಏಳು ಲಕ್ಷ ವರಹಗಳ ಭಾರವೂ ಅದರೊಡನೆಯೇ ಬಂದಿತ್ತು. ಅದನ್ನು ನೋಡಿದರೆ ಪಟಿಯಾಲದವರಿಗೆ ಸಿಕ್ಕದ್ದು ಪುಕ್ಕಟೆಯ ಕೊಡೆ. ಪುಕ್ಕಟೆಯ ಕೊಡೆಗೆ ಬಾಡಿಗೆ ಕೇಳುವ ದಿನ ಮುಂದೆ ಬಂತು.

ಪಟಿಯಾಲ ಬಿಟ್ಟ ಗಾಡಿ ಅರ್ಧ ಮುಕ್ಕಾಲು ಗಂಟೆಯಲ್ಲಿ ನಾಭಾ ತಲುಪುತ್ತದೆ. ಎರಡು ರಾಜಧಾನಿಗಳ ನಡುವೆ ಇಷ್ಟೇ ದೂರ! ಪಟಿಯಾಲದ ವಿಸ್ತಾರ 5,900 ಚದರ ಮೈಲಿಯ ಮೇಲೆ. ನಾಭಾದ್ದು ಸಾವಿರವನ್ನೂ ಮುಟ್ಟುವುದಿಲ್ಲ. ಪಟಿಯಾಲಕ್ಕೆ 17 ತೋಪುಗಳ ಮರ್ಯಾದೆ, ನಾಭಾಕ್ಕೆ 13. ಆದರೆ ಮೂಲಪುರುಷ ಫೂಲನ ಹಿರಿಯ ಮಗ ತಿಲೋಕನ ವಂಶ ತಮ್ಮದು, ಪಟಿಯಾಲದವರು ಕಿರಿಯ ಮಗ ರಾಮನ ಸಂತಾನ ಎಂಬುದನ್ನು ನಾಭಾದವರು ಎಂದೂ ಮರೆಯಲಿಲ್ಲ, ಮರೆಯಲು ಬಿಡಲೂ ಇಲ್ಲ. ಜೀಂದ್‌ನವರೂ ತಿಲೋಕನ ಕವಲೇ. ಅವರು 1774ರಲ್ಲಿ ನಾಭಾದಿಂದ ಸಂಗ್ರೂರನ್ನು ಕಿತ್ತುಕೊಂಡು ಮುಂದೆ ಅದನ್ನೇ ರಾಜಧಾನಿ ಮಾಡಿಕೊಂಡರು. ಭಾರತ ಯುದ್ಧದ ಕುರುಕ್ಷೇತ್ರ ಇಲ್ಲಿಂದ ಬಹಳ ದೂರವೇನೂ ಇಲ್ಲವೆಂಬುದು ನೆನಪಾಗದೆ ಇರದು.

ರಣಜಿತನಿಂದ ರಕ್ಷಣೆ ಸಿಕ್ಕ ಮೇಲೆ ಇವರು ಒಬ್ಬರ ಮೇಲೊಬ್ಬರು ಬೀಳತೊಡಗಿದರು. 1811ರಲ್ಲಿ ಕಂಪನಿ ಇನ್ನೊಂದು ಘೋಷಣೆ ಹೊರಡಿಸಿ, ಒಬ್ಬರ ನಾಡನ್ನು ಇನ್ನೊಬ್ಬರು ಮುಟ್ಟಕೂಡದೆಂದಿತು. ಅಲ್ಲಿಗೆ ಕಾವಲುಗಾರನೇ ನ್ಯಾಯಾಧೀಶನಾದ. ಆಮೇಲೆ ಆತನೇ ವಾರಸುದಾರನೂ ಆದ. ಮಕ್ಕಳಿಲ್ಲದೆ ಅರಸ ಸತ್ತರೆ ನಾಡು ಕಂಪನಿಗೆ. 1835ರಲ್ಲಿ ಫಿರೋಜಪುರದ ಸರ್ದಾರ್ಣಿ ತೀರಿಕೊಂಡಳು, ಊರು ಕಂಪನಿಯದಾಯಿತು. 1834ರಲ್ಲಿ ಜೀಂದ್‌ನ ಸಂಗತ್ ಸಿಂಗ್ ಸತ್ತಾಗ ದಾಯಾದಿ ಸ್ವರೂಪ್ ಸಿಂಗನಿಗೆ ಮನೆತನದ ಮೂಲಭಾಗ ಮಾತ್ರ ಸಿಕ್ಕಿತು. 1843ರಲ್ಲಿ ಕೈಥಲದ ಸರದಿ. ಅಲ್ಲಿ ರಾಣಿಯರೂ ಪರಿವಾರದವರೂ ಸುಮ್ಮನೆ ಬಿಟ್ಟುಕೊಡದೆ ಎದುರು ಬಿದ್ದರು. ಕೆಲವು ದಿನ ಹೋರಾಡಿ ಸೋತರು. 1824ರ ಕಿತ್ತೂರನ್ನೂ ರಾಣಿ ಚೆನ್ನಮ್ಮನನ್ನೂ ಬಲ್ಲ ಓದುಗರಿಗೆ ಇದರ ವಿವರಣೆ ಬೇಡ. 1808ರಲ್ಲಿ ದಿಲ್ಲಿಗೆ ಹೋದ ನಿಯೋಗದಲ್ಲಿ ಕೈಥಲವೂ ಇತ್ತೆಂಬುದನ್ನು ಮಾತ್ರ ನೆನೆದರೆ ಸಾಕು. ಕ್ಷಯ ತನ್ನ ಕೆಲಸವನ್ನು ನಡೆಸಿತ್ತು.

ನಾಭಾ ಈಗ ಸಣ್ಣ ಪೇಟೆಯ ಊರು. ಕೋಟೆ ಇದೆ, ಹೀರಾ ಮಹಲ್ ಇದೆ. ಪಟಿಯಾಲದ ಠೀವಿ ಇಲ್ಲ. ವಿದ್ಯೆಯ ವಿಷಯದಲ್ಲಿ ಮಾತ್ರ ಈ ಊರು ಯಾರಿಗೂ ಕಡಿಮೆಯಿಲ್ಲ. ಸಿಖ್ಖ ಸಾಹಿತ್ಯದ ವಿಶ್ವಕೋಶವೆನಿಸಿದ ‘ಮಹಾನ್ ಕೋಶ’ವನ್ನು ರಚಿಸಿದ ಭಾಯಿ ಕಾನ್ಹ ಸಿಂಗ್ ಈ ಆಸ್ಥಾನದವನೇ. ಆತನ ಶಿಷ್ಯನಾಗಿ ಬೆಳೆದ ರಾಜಕುಮಾರ ರಿಪುದಮನ್ ಸಿಂಗ್ 1911ರಲ್ಲಿ ನಾಭಾದ ಗದ್ದುಗೆಗೆ ಬಂದ. ಯುವರಾಜನಾಗಿದ್ದಾಗಲೇ ವೈಸರಾಯನ ಶಾಸನಸಭೆಯಲ್ಲಿ ಕುಳಿತು, ಸಿಖ್ಖರ ವಿವಾಹಪದ್ಧತಿಗೆ ಕಾನೂನಿನ ಮಾನ್ಯತೆ ಕೊಡುವ ಮಸೂದೆಯನ್ನು ಮಂಡಿಸಿದವನು ಈತ. ಆಂಗ್ಲ ಅಧಿಕಾರಿಗಳ ಮುಂದೆ ಬಾಗುವ ಸ್ವಭಾವವಲ್ಲ. ಪಟಿಯಾಲದಲ್ಲಿ ಆಗ ಭೂಪಿಂದರ್ ಸಿಂಗ್. ಆಜಾನುಬಾಹು, ವಿಲಾಸಿ, ಆಂಗ್ಲರ ನೆಚ್ಚಿನ ಅರಸ, 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ಕ್ರಿಕೆಟ್ ತಂಡದ ನಾಯಕ. ರಣಜಿ ಪಂದ್ಯಗಳ ಟ್ರೋಫಿಯನ್ನು ಕೊಟ್ಟವನೂ ಈತನೇ. 1974ರಲ್ಲಿ ಕರ್ನಾಟಕದ ಹುಡುಗರು ಮೊದಲ ಬಾರಿಗೆ ಗೆದ್ದು ತಂದ ಟ್ರೋಫಿ ಪಟಿಯಾಲದ ಕೊಡುಗೆಯೆಂದು ಎಷ್ಟು ಜನಕ್ಕೆ ಗೊತ್ತು?

ಇವರಿಬ್ಬರ ನಡುವೆ ಹಳೆಯ ದಾಯಾದಿ ಮತ್ಸರ ಹೊಸದಾಗಿ ಹೊತ್ತಿಕೊಂಡಿತು. ನಾಭಾದವರು ಸುಳ್ಳು ಮೊಕದ್ದಮೆ ಹೂಡಿ ತನ್ನ ಪ್ರಜೆಗಳನ್ನು ಹಿಂಸಿಸುತ್ತಾರೆಂದು ಪಟಿಯಾಲದವನ ದೂರು. ಆಂಗ್ಲ ನ್ಯಾಯಾಧೀಶನೊಬ್ಬ ವಿಚಾರಣೆ ನಡೆಸಿದ; ತೀರ್ಪು ನಾಭಾದ ಕಡೆಗಿರಲಿಲ್ಲ. 1923ರ ಜುಲೈಯಲ್ಲಿ ರಿಪುದಮನ್ ಗದ್ದುಗೆ ಬಿಟ್ಟಿಳಿಯಬೇಕಾಯಿತು. ಸ್ವ ಇಚ್ಛೆಯಿಂದ ಎಂದು ಸರಕಾರ ಹೇಳಿತು. ಅಕಾಲಿಗಳಿಗೆ ಸಹಾನುಭೂತಿ ತೋರಿದ್ದಕ್ಕೆ ಶಿಕ್ಷೆ ಎಂದು ಜನ ಹೇಳಿದರು. ದೂರುಗಳಲ್ಲಿ ಸತ್ಯಾಂಶ ಇದ್ದಿರಬಹುದು. ಆದರೆ ಅಂಥವೇ ದೂರುಗಳು ಇತರ ಅರಸರ ಮೇಲೂ ಇದ್ದು, ಅವರ ಗದ್ದುಗೆಗಳು ಅಲುಗಲಿಲ್ಲವೆಂಬುದನ್ನು ನೋಡಿದರೆ ಜನರ ಮಾತನ್ನು ತಳ್ಳಿಹಾಕುವುದು ಕಷ್ಟ. ಮೊದಲು ಡೆಹ್ರಾಡೂನಿನಲ್ಲಿದ್ದ ಆತನನ್ನು 1928ರಲ್ಲಿ ಬಿರುದುಗಳನ್ನು ಕಿತ್ತುಕೊಂಡು ದಕ್ಷಿಣದ ಕೊಡೈಕಾನಲ್ಲಿಗೆ ಸಾಗಿಸಿದರು. ಗೋಧಿಯ ನಾಡಿನ ಆ ಅರಸ, ಮಂಜು ಕವಿದ ಆ ಬೆಟ್ಟದ ಊರಿನಲ್ಲೇ 1942ರಲ್ಲಿ ಕಣ್ಣುಮುಚ್ಚಿದ.

ಧೂರಿ ಕಳೆದು ಬರ್ನಾಲಾ. ಪಟಿಯಾಲ ಹುಟ್ಟುವ ಮುನ್ನ ಆಲಾ ಸಿಂಗನ ಠಾಣ್ಯ ಇಲ್ಲಿತ್ತು. ಹತ್ತಿರದಲ್ಲೇ ಠೀಕ್ರಿವಾಲಾ ಎಂಬ ಹಳ್ಳಿಯಿದೆ. ಅಲ್ಲಿನ ಸೇವಾ ಸಿಂಗ್ ಪ್ರಜಾಮಂಡಲವನ್ನು ಕಟ್ಟಿ, ಅರಸರ ಆಳ್ವಿಕೆಯಲ್ಲಿ ಪ್ರಜೆಗೂ ಒಂದು ಮಾತಿರಬೇಕೆಂದು ಕೇಳಿದ. 1935ರ ಜನವರಿಯಲ್ಲಿ ಪಟಿಯಾಲದ ಜೈಲಿನಲ್ಲಿ, ಉಪವಾಸ ಮಾಡುತ್ತ, ಆತ ಅಸುನೀಗಿದ. ಆಂಗ್ಲರ ರಕ್ಷಣೆ ಅರಸರನ್ನು ಹೊರಗಿನ ಶತ್ರುವಿನಿಂದ ಮಾತ್ರವಲ್ಲ, ಒಳಗಿನ ಪ್ರಜೆಯಿಂದಲೂ ಕಾಯ್ದಿತು. 1809ರ ಅಭಯಪತ್ರದಲ್ಲಿ ಬರೆಯದೆ ಬಿಟ್ಟ ವಾಕ್ಯ ಅದೇ ಇರಬೇಕು.

ರಾಮ್‌ಪುರಾ ಫೂಲ್ ನಿಲ್ದಾಣದಲ್ಲಿ ಇಳಿಯುವವರು ಕಡಿಮೆ. ಆದರೆ ಫೂಲ್ ಎಂಬ ಹಳ್ಳಿಯೇ ಇವರೆಲ್ಲರ ತಾಯಿಬೇರು. ಹದಿನೇಳನೆಯ ಶತಮಾನದ ಮಾತು. ತಂದೆಯಿಲ್ಲದ ಬಾಲಕ ಫೂಲನನ್ನು ಚಿಕ್ಕಪ್ಪ ಕಾಲಾ ಏಳನೆಯ ಗುರು ಹರರಾಯರ ದರ್ಶನಕ್ಕೆ ಕರೆದೊಯ್ದ. ಹುಡುಗ ಗುರುಗಳ ಮುಂದೆ ಹೊಟ್ಟೆಯನ್ನು ತಮಟೆಯಂತೆ ಬಡಿದುಕೊಂಡ. ಏಕೆಂದು ಗುರುಗಳು ಕೇಳಲು, ಹಸಿವನ್ನು ಹೀಗೆ ತೋರಿಸುತ್ತಿದ್ದಾನೆ ಎಂದ ಕಾಲಾ. ಗುರುಗಳು ನಕ್ಕು, ಈತನ ಸಂತತಿಯ ಕುದುರೆಗಳು ಯಮುನೆಯ ನೀರು ಕುಡಿಯುವುವು ಎಂದು ಹರಸಿದರಂತೆ. ಮನೆಗೆ ಬಂದ ಕಾಲಾನನ್ನು ಹೆಂಡತಿ ತರಾಟೆಗೆ ತೆಗೆದುಕೊಂಡಳು: ಅಣ್ಣನ ಮಗನಿಗೆ ರಾಜ್ಯ, ನಮ್ಮ ಮಕ್ಕಳಿಗೇನು? ಮರುದಿನ ಆತ ತನ್ನ ಮಕ್ಕಳನ್ನೂ ಕರೆದೊಯ್ದ. ಅವರು ಯಾರಿಗೂ ಕಂದಾಯ ಕೊಡದೆ ತಮ್ಮ ಉಳುಮೆಯನ್ನು ತಾವೇ ಉಣ್ಣಲಿ ಎಂದು ಗುರುಗಳು ಹರಸಿದರು. ಎರಡು ವರಗಳಲ್ಲಿ ಯಾವುದು ಮೇಲೆಂದು ಈ ಚರಿತ್ರೆಯನ್ನು ಓದಿದವರು ಯೋಚಿಸಬೇಕಾಗುತ್ತದೆ.

ಭಟಿಂಡಾದ ಕೋಟೆ ಬಹು ಹಳೆಯದು. ಸುಲ್ತಾನಾ ರಜಿಯಾಳನ್ನು ಅಲ್ಲಿ ಸೆರೆಯಿಟ್ಟಿದ್ದರು; ಅದೇ ಒಂದು ಬೇರೆ ಲೇಖನದ ವಸ್ತು. ಮುಂದಿನ ಗಾಡಿಯಲ್ಲಿ ಹೊರಟರೆ ಜೈತೋ. ನಾಭಾಕ್ಕೆ ಸೇರಿದ್ದ ಈ ಊರಿನ ಗುರುದ್ವಾರದಲ್ಲಿ, ಗದ್ದುಗೆ ಕಳೆದುಕೊಂಡ ರಿಪುದಮನನ ಪರವಾಗಿ ಅಕಾಲಿಗಳು 1923ರ ಸೆಪ್ಟೆಂಬರಿನಲ್ಲಿ ಸೇರಿದ್ದರು. ಗುರುಗ್ರಂಥದ ಅಖಂಡ ಪಾರಾಯಣ ನಡೆಯುತ್ತಿರುವಾಗಲೇ ಪೋಲೀಸರು ಒಳನುಗ್ಗಿ ಅದನ್ನು ಭಂಗಪಡಿಸಿದರು. ಅಲ್ಲಿಂದ ಜೈತೋ ಸತ್ಯಾಗ್ರಹ ಹೊತ್ತಿಕೊಂಡಿತು. ಏನು ನಡೆಯುತ್ತಿದೆಯೆಂದು ನೋಡಲು ಬಂದ ಜವಾಹರಲಾಲ ನೆಹರೂ ಇಬ್ಬರು ಮಿತ್ರರೊಡನೆ ಸೆರೆಯಾಗಿ ನಾಭಾದ ಜೈಲನ್ನು ಕಂಡರು. ದೇಶೀ ಸಂಸ್ಥಾನಗಳ ನ್ಯಾಯ ಎಂಥದೆಂಬುದರ ಅನುಭವ ಅವರಿಗೆ ಅಲ್ಲಿ ಆಯಿತು. 1924ರ ಫೆಬ್ರವರಿ 21ರಂದು ಐನೂರು ಮಂದಿಯ ಜಾಥಾದ ಮೇಲೆ ಗುಂಡು ಹಾರಿತು. 1925ರಲ್ಲಿ ಪಾರಾಯಣದ ಹಕ್ಕು ಮರಳಿತು. ನೂರೊಂದು ಪಾರಾಯಣಗಳನ್ನು ಪೂರೈಸಿಯೇ ಅಕಾಲಿಗಳು ಎದ್ದರು. ಅರಸ ಮಾತ್ರ ಮರಳಲಿಲ್ಲ.

ಫರೀದ್‌ಕೋಟಿಗೆ 1809ರ ಒಪ್ಪಂದವೇ ಮರುಜನ್ಮ. ರಣಜಿತ್ ಆಗ ತಾನೇ ಹಿಡಿದಿದ್ದ ಕೋಟೆಯನ್ನು ಆಂಗ್ಲರ ಒತ್ತಾಯಕ್ಕೆ ಬಿಟ್ಟುಕೊಟ್ಟ. ಈ ಹಾದಿಯಲ್ಲಿಲ್ಲದ ಕಪೂರ್ತಲಾದ ಕಥೆ ಇನ್ನೂ ಸ್ವಾರಸ್ಯದ್ದು. ಜಸ್ಸಾ ಸಿಂಗನ ಆ ಮನೆತನದ ಫತೇ ಸಿಂಗ್ ರಣಜಿತನೊಡನೆ ಪೇಟ ಬದಲಾಯಿಸಿಕೊಂಡ ಗೆಳೆಯ. ಯುದ್ಧಗಳಲ್ಲಿ ಆತನ ಬಲಗೈ. ಅಂಥವನೂ 1825ರ ಕೊನೆಯಲ್ಲಿ ಇದ್ದಕ್ಕಿದ್ದಂತೆ ಹೆದರಿ ಸಟ್ಲೆಜ್ ದಾಟಿ ಆಂಗ್ಲರ ನೆರಳಿಗೆ ಓಡಿಬಂದ. ಎರಡು ವರ್ಷಗಳ ಮೇಲೆ ರಾಜಿಯಾಗಿ ಹಿಂದಿರುಗಿದ. ಬಲಗೈಯೇ ಇಷ್ಟು ಹೆದರುವಾಗ, ಈಚೆ ದಡದ ದುರ್ಬಲರು ಹೆದರಿದ್ದನ್ನು ಹೇಡಿತನವೆನ್ನಲಾಗುವುದೇ?

ಇವೆಲ್ಲ ಸಂಸ್ಥಾನಗಳ ಆಯುಸ್ಸು ಮುಗಿದದ್ದು 1948ರಲ್ಲಿ. ಪಟಿಯಾಲ, ನಾಭಾ, ಜೀಂದ್, ಕಪೂರ್ತಲಾ, ಫರೀದ್‌ಕೋಟ್, ಕಲ್ಸಿಯಾ ಎಂಬ ಸಿಖ್ಖ ಸಂಸ್ಥಾನಗಳೂ ಮಲೇರ್‌ಕೋಟ್ಲಾ, ನಾಲಾಗಢಗಳೂ ಒಂದಾಗಿ ‘ಪೆಪ್ಸು’ ರಾಜ್ಯವಾಯಿತು. ಜುಲೈ 15ರಂದು ಸರ್ದಾರ್ ಪಟೇಲರು ಪಟಿಯಾಲದಲ್ಲಿ ಅದನ್ನು ಉದ್ಘಾಟಿಸಿದರು. ಭೂಪಿಂದರನ ಮಗ ಯಾದವಿಂದ್ರ ಸಿಂಗ್ ರಾಜಪ್ರಮುಖನಾದ. ನೂರು ವರ್ಷ ಒಂದು ಹಳ್ಳಿಗಾಗಿ ಕಾದಾಡಿದವರು ಒಂದು ಸಹಿಯಿಂದ ಒಂದಾದರು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನದಂದೇ, ಪೆಪ್ಸು ಪಂಜಾಬದಲ್ಲಿ ಕರಗಿತು. ಸರಿಯಾಗಿ ಹತ್ತು ವರ್ಷಗಳಿಗೆ ಹರಿಯಾಣ ಬೇರೆಯಾದಾಗ ಜೀಂದ್ ಊರು ಆ ಕಡೆಗೆ ಹೋಯಿತು, ಅದರ ರಾಜಧಾನಿಯಾಗಿದ್ದ ಸಂಗ್ರೂರು ಪಂಜಾಬದಲ್ಲಿ ಉಳಿಯಿತು. ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ 1961ರಿಂದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಿದೆ. ಅದೇ ವರ್ಷದಿಂದ ಕಪೂರ್ತಲಾದ ಅರಮನೆಯಲ್ಲಿ ಸೈನಿಕ ಶಾಲೆಯ ಹುಡುಗರು ಓದುತ್ತಿದ್ದಾರೆ.

ಹಾದಿಯ ಕೊನೆ ಫಿರೋಜಪುರ. ಕೊಡೆಯ ಬಾಡಿಗೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ವಸೂಲು ಮಾಡಿದ್ದು ಈ ಬಯಲಿನಲ್ಲಿ. 1839ರಲ್ಲಿ ರಣಜಿತ್ ಸತ್ತ. ಲಾಹೋರಿನಲ್ಲಿ ಕೊಲೆಯ ಮೇಲೆ ಕೊಲೆ ನಡೆದು ರಾಜ್ಯ ನಾಯಕನಿಲ್ಲದಂತಾಯಿತು. 1845ರ ಡಿಸೆಂಬರಿನಲ್ಲಿ ಖಾಲ್ಸಾ ಸೈನ್ಯ ಸಟ್ಲೆಜ್ ದಾಟಿತು. ಡಿಸೆಂಬರ್ 18ರಂದು ಮುದ್ಕಿಯಲ್ಲೂ 21, 22ರಂದು ಫೆರೋಜ್‌ಶಹರದಲ್ಲೂ ನಡೆದ ಕಾಳಗದಲ್ಲಿ ಆಂಗ್ಲರು ಸೋಲಿನ ಅಂಚಿಗೆ ಬಂದಿದ್ದರು. ಆಗ ಪಟಿಯಾಲ ಆಂಗ್ಲರ ಕಡೆ. ಫರೀದ್‌ಕೋಟಿನ ಪಹಾಡ್ ಸಿಂಗ್ ಆಂಗ್ಲರ ಕಡೆ. ನಾಭಾದ ದೇವಿಂದರ್ ಸಿಂಗನ ಮನಸ್ಸು ಲಾಹೋರಿನ ಕಡೆಗೆ ಎಳೆಯಿತು. ದವಸ, ಗಾಡಿ, ಸೈನ್ಯ ಒದಗಿಸಲು ತಡಮಾಡಿದ. ಯುದ್ಧ ಮುಗಿದ ಮೇಲೆ ಆತನ ಗದ್ದುಗೆ ಹೋಯಿತು, ರಾಜ್ಯದ ನಾಲ್ಕನೆಯ ಒಂದು ಪಾಲು ಹೋಯಿತು. ಆ ಪಾಲನ್ನು ಪಟಿಯಾಲಕ್ಕೂ ಫರೀದ್‌ಕೋಟಿಗೂ ಹಂಚಿದರು. ಪಟಿಯಾಲದ ಕರಮ್ ಸಿಂಗ್ ಮಾತ್ರ ಆ ಹಂಚಿಕೆಯನ್ನು ನೋಡಲಿಲ್ಲ. ಫೆರೋಜ್‌ಶಹರದ ಕಾಳಗ ಮುಗಿದ ಮರುದಿನ, ಡಿಸೆಂಬರ್ 23ರಂದು, ಆತ ತೀರಿಕೊಂಡ. ಆತನ ಮಗ ನರಿಂದರ್ ಸಿಂಗನ ಕಾಲದಲ್ಲಿ 1857 ಬಂತು. ಪಟಿಯಾಲದವರು ದಿಲ್ಲಿಯ ಹೆದ್ದಾರಿಯನ್ನು ಆಂಗ್ಲರಿಗಾಗಿ ಕಾಯ್ದರು. ಜೀಂದ್‌ನ ಸ್ವರೂಪ್ ಸಿಂಗ್ ತಾನೇ ಸೈನ್ಯದೊಡನೆ ದಿಲ್ಲಿಗೆ ನಡೆದ. ಪ್ರತಿಯಾಗಿ ನಾರ್ನೌಲ್ ಪಟಿಯಾಲಕ್ಕೆ, ದಾದ್ರಿ ಜೀಂದ್‌ಗೆ ಸಿಕ್ಕವು. ಎಲ್ಲಕ್ಕಿಂತ ಹೆಚ್ಚಾಗಿ 1860ರ ಸನದುಗಳಲ್ಲಿ ದತ್ತು ತೆಗೆದುಕೊಳ್ಳುವ ಹಕ್ಕು ಸಿಕ್ಕಿತು. ಕೈಥಲದ ಗತಿ ಇನ್ನು ತಮಗೆ ಬರಲಾರದೆಂದು ಮೂರು ಮನೆತನಗಳೂ ನಿಟ್ಟುಸಿರು ಬಿಟ್ಟವು. ಆ ಹೊತ್ತಿಗೆ ಲಾಹೋರಿನ ರಾಜ್ಯ ಮುಳುಗಿ ಹನ್ನೊಂದು ವರ್ಷಗಳಾಗಿದ್ದವು. ರಣಜಿತನ ಕಿರಿಯ ಮಗ ದಲೀಪ್ ಸಿಂಗ್ ಇಂಗ್ಲೆಂಡಿನಲ್ಲಿ ಬೆಳೆಯುತ್ತಿದ್ದ. ಕ್ಷಯದ ರೋಗಿಗಳು ಬದುಕಿದ್ದರು. ಅವರು ಹೆದರಿದ್ದ ಸನ್ನಿಯೇ ಸತ್ತಿತ್ತು.

ಊರಿನಿಂದ ಹುಸೇನಿವಾಲಾ ಕೆಲವೇ ಮೈಲಿ. ಭಗತ್ ಸಿಂಗ್, ರಾಜಗುರು, ಸುಖದೇವರ ಸಮಾಧಿ ಇಲ್ಲಿದೆ. ಸಟ್ಲೆಜ್ ಅಗಲವಾಗಿ, ಸದ್ದಿಲ್ಲದೆ ಹರಿಯುತ್ತದೆ. ಮಳೆಗಾಲ ಬಿಟ್ಟರೆ ನಡುವೆ ಮರಳ ದಿಣ್ಣೆಗಳು ಕಾಣುತ್ತವೆ. ಇದನ್ನು ದಾಟಲು ರಣಜಿತನಿಗೆ 1809ರಲ್ಲಿ ಅಡ್ಡಿಯಾದದ್ದು ನೀರಲ್ಲ, ಒಂದು ಕಾಗದ. 1947ರಲ್ಲಿ ಇನ್ನೊಂದು ಕಾಗದ ಬಂತು. ಪಾಕಿಸ್ತಾನದ ಗಡಿ ಈಗ ಇಲ್ಲೇ ಸಮೀಪದಲ್ಲಿದೆ. ಹಿಂದೆ ಕಸೂರಿನ ಮೂಲಕ ಲಾಹೋರಿಗೆ ಹೋಗುತ್ತಿದ್ದ ರೈಲುಹಾದಿ ನದಿಯ ಹತ್ತಿರ ಬಂದು ನಿಂತುಬಿಟ್ಟಿದೆ.